ರಾಬಿನ್‌ಗೆ ವಯಸ್ಸಾಗುವುದಿಲ್ಲವೇ?

ಪ್ರಶ್ನೆ: ಹಾಸ್ಟೆಲಿನಲ್ಲಿದ್ದಾಗ ‘ಟೀನ್ ಟೈಟನ್ಸ್’ ಕಾರ್ಟೂನ್ ನೋಡುತ್ತಿದ್ದೆ. ಈಗ ನನ್ನ ಹತ್ತು ವರ್ಷದ ಮಗಳು ಅದೇ ಪಾತ್ರಗಳ ‘ಟೀನ್ ಟೈಟನ್ಸ್ ಗೋ!’ ನೋಡಿ ಬಿದ್ದು ಬಿದ್ದು ನಗುತ್ತಾಳೆ. ನನ್ನ ಕೂದಲು ಬೆಳ್ಳಗಾಗುತ್ತಾ ಬಂತು, ರಾಬಿನ್ ಮಾತ್ರ ಹಾಗೇ ಇದ್ದಾನೆ. ಮೂಲ ಕಾಮಿಕ್ಸ್‌ನಲ್ಲೂ ಇವರಿಗೆ ವಯಸ್ಸಾಗುವುದಿಲ್ಲವೇ? ಆ ಪುಸ್ತಕಗಳನ್ನು ಮಗಳ ಕೈಗೆ ಕೊಡಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ವಯಸ್ಸಾಗುತ್ತದೆ. ಆದರೆ ಅದಕ್ಕೆ ಪ್ರಕಟಿಸುವ ಡಿಸಿ ಕಂಪನಿಯ ಅಪ್ಪಣೆ ಬೇಕು. ರಾಬಿನ್ ಅಂದರೆ ಡಿಕ್ ಗ್ರೇಸನ್, ಮೊದಲು ಕಾಣಿಸಿಕೊಂಡದ್ದು 1940ರ ‘ಡಿಟೆಕ್ಟಿವ್ ಕಾಮಿಕ್ಸ್’ 38ನೇ ಸಂಚಿಕೆಯಲ್ಲಿ. ಆಗ ಅವನು ಸರ್ಕಸ್ಸಿನಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಚಿಕ್ಕ ಹುಡುಗ. ಅವನು ಕಾಲೇಜು ಮೆಟ್ಟಿಲು ಹತ್ತಿದ್ದು 1969ರ ಡಿಸೆಂಬರಿನ ‘ಬ್ಯಾಟ್‌ಮನ್’ 217ನೇ ಸಂಚಿಕೆಯಲ್ಲಿ. ಅಂದರೆ ಹೈಸ್ಕೂಲು ಮುಗಿಸಲು ಇಪ್ಪತ್ತೊಂಬತ್ತು ವರ್ಷ! ರಾಬಿನ್ ವೇಷ ಕಳಚಿದ್ದು 1984ರಲ್ಲಿ. ನಲವತ್ನಾಲ್ಕು ವರ್ಷಗಳಲ್ಲಿ ಹುಡುಗ ಬೆಳೆದದ್ದು ಹೆಚ್ಚೆಂದರೆ ಹತ್ತು ಹನ್ನೊಂದು ವರ್ಷ. ಅದರಲ್ಲೂ ಕೊನೆಯ ನಾಲ್ಕು ವರ್ಷ ಅವನು ಸರಸರನೆ ಬೆಳೆದ. ಆ ನಾಲ್ಕು ವರ್ಷಗಳ ಕಥೆ ಹೇಳುವ ಸರಣಿಯೇ ‘ದಿ ನ್ಯೂ ಟೀನ್ ಟೈಟನ್ಸ್’. ನೀವು ಹಾಸ್ಟೆಲಿನಲ್ಲಿ ನೋಡಿದ ಕಾರ್ಟೂನಿನ ಬೇರು ಇರುವುದೂ ಅಲ್ಲೇ.

ಮೊದಲಿಗೆ ಈ ಹುಡುಗರು ಬಂದದ್ದೇಕೆ ಎಂದು ನೋಡೋಣ. ಬ್ಯಾಟ್‌ಮನ್ ಕಥೆ ಬರೆಯುತ್ತಿದ್ದ ಬಿಲ್ ಫಿಂಗರ್‌ಗೆ ಒಂದು ತೊಂದರೆ ಇತ್ತು. ನಾಯಕನಿಗೆ ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲದೆ ಪುಟಗಟ್ಟಲೆ ಅವನು ತನ್ನಷ್ಟಕ್ಕೆ ತಾನೇ ಯೋಚಿಸುತ್ತಿರಬೇಕಿತ್ತು. ರಾಬಿನ್ ಬಂದ, ಮಾತು ಬಂತು, ಮಾರಾಟವೂ ಜೋರಾಗಿ ಏರಿತು. ಏರಿದ್ದನ್ನು ಕಂಡ ಉಳಿದವರು ಸುಮ್ಮನಿದ್ದಾರೆಯೇ? ಮರುವರ್ಷವೇ ಕ್ಯಾಪ್ಟನ್ ಅಮೆರಿಕಾಗೆ ಬಕಿ ಎಂಬ ಹುಡುಗ, ಗ್ರೀನ್ ಆ್ಯರೋಗೆ ಸ್ಪೀಡಿ ಎಂಬ ಹುಡುಗ. ಆಮೇಲೆ ಫ್ಲ್ಯಾಶ್‌ಗೆ ಕಿಡ್ ಫ್ಲ್ಯಾಶ್, ಆಕ್ವಾಮ್ಯಾನ್‌ಗೆ ಆಕ್ವಾಲ್ಯಾಡ್. ಎಲ್ಲರೂ ದೊಡ್ಡವರ ಬೆನ್ನಿಗೆ ನಿಂತ ಚಿಕ್ಕವರು. ಅವರಿಗೆ ಸ್ವಂತ ಮನೆಯಿಲ್ಲ, ಸ್ವಂತ ಶತ್ರುವಿಲ್ಲ, ಅನೇಕರಿಗೆ ಸ್ವಂತ ಹೆಸರೂ ಇಲ್ಲ.

1964ರಲ್ಲಿ ಬಾಬ್ ಹೇನಿ ಎಂಬ ಲೇಖಕ ಇವರಲ್ಲಿ ಮೂವರನ್ನು, ರಾಬಿನ್, ಕಿಡ್ ಫ್ಲ್ಯಾಶ್ ಮತ್ತು ಆಕ್ವಾಲ್ಯಾಡರನ್ನು, ‘ದಿ ಬ್ರೇವ್ ಆ್ಯಂಡ್ ದಿ ಬೋಲ್ಡ್’ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಒಟ್ಟಿಗೆ ತಂದ. ಚಿತ್ರ ಬರೆದವನು ಬ್ರೂನೋ ಪ್ರೆಮಿಯಾನಿ. ಒಂದು ಊರಿನ ಹುಡುಗರಿಗೂ ದೊಡ್ಡವರಿಗೂ ಮನಸ್ತಾಪ, ನಡುವೆ ಸುಂಟರಗಾಳಿ ಎಬ್ಬಿಸುವ ಒಬ್ಬ ಖಳ, ಅವನ ಕಾಟ ಬಿಡಿಸಲು ಈ ಮೂವರು. ಮರುವರ್ಷ ತಂಡಕ್ಕೆ ಟೀನ್ ಟೈಟನ್ಸ್ ಎಂಬ ಹೆಸರು ಬಿತ್ತು, 1966ರಲ್ಲಿ ಸ್ವಂತ ಪತ್ರಿಕೆಯೂ ಸಿಕ್ಕಿತು. ಹೇನಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಹುಡುಗರು ಹೀಗೆ ಮಾತಾಡುತ್ತಾರೆಂದು ಊಹಿಸಿ ಅವನು ಬರೆದ ಫ್ಯಾಷನ್ ಭಾಷೆಯನ್ನು ಈಗ ಓದಿದರೆ ನಗು ತಡೆಯಲಾಗದು. ಮದುವೆಮನೆಯಲ್ಲಿ ಸೋದರಮಾವ ಹುಡುಗರ ನಡುವೆ ನುಗ್ಗಿ ಡ್ಯಾನ್ಸ್ ಮಾಡಿದ ಹಾಗಿದೆ ಅದು. ಸೋಜಿಗವೆಂದರೆ ಅದೇ 1966ರಲ್ಲಿ ಅದೇ ಡಿಸಿ ಕಂಪನಿಯ ಇನ್ನೊಂದು ಹುಡುಗರ ತಂಡ ‘ಲೀಜನ್ ಆಫ್ ಸೂಪರ್-ಹೀರೋಸ್’ನ ಕಥೆಗಳನ್ನು ನಿಜವಾದ ಹುಡುಗನೊಬ್ಬ ಬರೆಯತೊಡಗಿದ್ದ. ಅವನೇ ಜಿಮ್ ಶೂಟರ್. ಹದಿಮೂರರಲ್ಲಿ ಕಥೆ ಕಳಿಸಿದ, ಹದಿನಾಲ್ಕರಲ್ಲಿ ಅಚ್ಚಾಯಿತು. ಅವನ ಪಾತ್ರಗಳು ಮಾತ್ರ ಫ್ಯಾಷನ್ ಭಾಷೆಯ ಗೋಜಿಗೆ ಹೋಗಲಿಲ್ಲ.

ಹೇನಿಯ ಇನ್ನೊಂದು ಎಡವಟ್ಟನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ತಂಡಕ್ಕೊಬ್ಬಳು ಹುಡುಗಿ ಬೇಕಿತ್ತು. ವಂಡರ್ ವುಮನ್ ಪತ್ರಿಕೆಯ ಮುಖಪುಟದಲ್ಲಿ ವಂಡರ್ ಗರ್ಲ್ ಎಂಬುವಳು ವಂಡರ್ ವುಮನ್ ಜೊತೆಗೇ ಹಾರಾಡುತ್ತಿದ್ದಳು. ಸರಿ, ಅವಳನ್ನೇ ಸೇರಿಸಿಕೊಂಡರು. ಆದರೆ ಅವಳು ಬೇರೆ ಯಾರೂ ಆಗಿರಲಿಲ್ಲ, ಚಿಕ್ಕವಳಿದ್ದಾಗಿನ ವಂಡರ್ ವುಮನ್ನೇ! ತಾಯಿ ಮಗಳ ಬೇರೆ ಬೇರೆ ವಯಸ್ಸಿನ ದೃಶ್ಯಗಳನ್ನು ಜೋಡಿಸಿ ಸಿನಿಮಾ ಮಾಡಿದಳು ಎಂಬ ನೆಪದಲ್ಲಿ ಅವಳ ಬಾಲ್ಯ, ಹರೆಯ, ಪ್ರಾಯ ಮೂರೂ ಒಂದೇ ಚೌಕಟ್ಟಿನಲ್ಲಿ ಬರುತ್ತಿದ್ದವು. ಹೀಗೆ ಒಬ್ಬಳೇ ಎರಡಾಗಿ, ತಂಡದಲ್ಲಿ ಹಿಂದುಮುಂದಿಲ್ಲದ ಒಬ್ಬ ಹುಡುಗಿ ಉಳಿದಳು. 1969ರಲ್ಲಿ ಮಾರ್ವ್ ವುಲ್ಫ್‌ಮನ್ ಎಂಬ ಹೊಸ ಲೇಖಕ ಆ ತೂತಿಗೆ ತೇಪೆ ಹಾಕಿದ: ಅವಳು ಹೊತ್ತಿ ಉರಿಯುವ ಕಟ್ಟಡದಿಂದ ವಂಡರ್ ವುಮನ್ ಎತ್ತಿ ತಂದ ಅನಾಥ ಕೂಸು, ಹೆಸರು ಡೋನಾ ಟ್ರಾಯ್. ಈ ವುಲ್ಫ್‌ಮನ್‌ನನ್ನು ನೆನಪಿಟ್ಟುಕೊಳ್ಳಿ.

ಪತ್ರಿಕೆ 1973ರಲ್ಲಿ ನಿಂತಿತು. 1976ರಲ್ಲಿ ಮತ್ತೆ ಶುರುವಾಗಿ 1978ರಲ್ಲಿ ಮತ್ತೆ ನಿಂತಿತು. ಎರಡು ಸಲ ಮುಚ್ಚಿದ ಅಂಗಡಿಯ ಬಾಗಿಲು ಮೂರನೇ ಸಲ ತೆರೆಯಲು ಯಾರಿಗೂ ಉತ್ಸಾಹವಿರಲಿಲ್ಲ. 1980ರಲ್ಲಿ ಎದುರಾಳಿ ಕಂಪನಿ ಮಾರ್ವೆಲ್ ಬಿಟ್ಟು ಡಿಸಿಗೆ ಮರಳಿದ ವುಲ್ಫ್‌ಮನ್ ಮತ್ತು ಅವನ ಹಳೆಯ ಗೆಳೆಯ, ಸಂಪಾದಕ ಲೆನ್ ವೀನ್ ಹಟ ಹಿಡಿದರು. ಚಿತ್ರಕಾರ ಜಾರ್ಜ್ ಪೆರೆಜ್‌ಗೆ ಕಣ್ಣಿದ್ದದ್ದು ‘ಜಸ್ಟಿಸ್ ಲೀಗ್’ ಮೇಲೆ. ಈ ಹುಡುಗರ ಪತ್ರಿಕೆ ಹೆಚ್ಚು ದಿನ ಬಾಳುವುದಿಲ್ಲ, ಅಷ್ಟರಲ್ಲಿ ಅದು ಸಿಕ್ಕೀತು ಎಂಬ ಲೆಕ್ಕದಲ್ಲಿ ಅವನು ಒಪ್ಪಿಕೊಂಡ. ನವೆಂಬರ್ 1980ರ ತಾರೀಖಿನಲ್ಲಿ ಮೊದಲ ಸಂಚಿಕೆ ಬಂತು. ಕೆಲವೇ ಕಾಲದಲ್ಲಿ ಅದು ಡಿಸಿಯ ಅತಿ ಹೆಚ್ಚು ಮಾರಾಟದ ಪತ್ರಿಕೆಗಳಲ್ಲೊಂದಾಗಿ, ಮಾರ್ವೆಲ್‌ನ ‘ಎಕ್ಸ್-ಮೆನ್’ಗೆ ಸರಿಸಾಟಿಯಾಗಿ ನಿಂತಿತು. 1982ರಲ್ಲಿ ಎರಡು ಕಂಪನಿಗಳೂ ಸೇರಿ ಈ ಎರಡು ತಂಡಗಳ ಜಂಟಿ ಕಥೆಯನ್ನೇ ಹೊರತಂದವು.

ಯಾಕೆ ಗೆದ್ದಿತು ಎಂಬುದರಲ್ಲಿ ನಿಮ್ಮ ಪ್ರಶ್ನೆಯ ಉತ್ತರವೂ ಇದೆ. ಹಳೆಯ ಟೈಟನ್ಸ್ ಕಡ ತಂದ ಪಾತ್ರಗಳ ತಂಡ. ರಾಬಿನ್ ಬ್ಯಾಟ್‌ಮನ್ ಸಂಪಾದಕರ ಸ್ವತ್ತು, ಕಿಡ್ ಫ್ಲ್ಯಾಶ್ ಫ್ಲ್ಯಾಶ್‌ನವರ ಸ್ವತ್ತು. ಕಡ ತಂದ ಪಾತ್ರೆಯನ್ನು ಹೇಗೆ ತಂದೆವೋ ಹಾಗೇ ಬೆಳಗಿ ಹಿಂದಿರುಗಿಸಬೇಕಲ್ಲ. ಅವರು ಸಾಯುವಂತಿಲ್ಲ, ಮದುವೆಯಾಗುವಂತಿಲ್ಲ, ಬೇಸರಪಟ್ಟು ಮನೆ ಬಿಟ್ಟು ಹೋಗುವಂತೆಯೂ ಇಲ್ಲ. ವುಲ್ಫ್‌ಮನ್ ಮತ್ತು ಪೆರೆಜ್ ರಾಬಿನ್, ವಂಡರ್ ಗರ್ಲ್, ಕಿಡ್ ಫ್ಲ್ಯಾಶ್ ಈ ಮೂವರನ್ನು ಇಟ್ಟುಕೊಂಡು, ಯಾರ ಹಂಗೂ ಇಲ್ಲದ ನಾಲ್ವರನ್ನು ಸೇರಿಸಿದರು. ಹಸಿರು ಮೈಯ ಚೇಂಜ್‌ಲಿಂಗ್, ನಿಮ್ಮ ಮಗಳಿಗೆ ಗೊತ್ತಿರುವ ಬೀಸ್ಟ್ ಬಾಯ್, 1965ರಿಂದಲೇ ಇದ್ದವನು. ಅವನನ್ನು ಸಾಕಿದ ‘ಡೂಮ್ ಪಟ್ರೋಲ್’ ತಂಡ 1968ರಲ್ಲಿ ಪತ್ರಿಕೆಯ ಜೊತೆಗೇ ಸತ್ತುಹೋದದ್ದರಿಂದ ಅವನನ್ನು ಕೇಳುವವರೇ ಇರಲಿಲ್ಲ. ಸೈಬಾರ್ಗ್, ಸ್ಟಾರ್‌ಫೈರ್, ರೇವನ್ ಮೂವರೂ ಹೊಚ್ಚಹೊಸಬರು. ಇವರ ಬದುಕಿನಲ್ಲಿ ಏನು ಬೇಕಾದರೂ ಆಗಬಹುದಿತ್ತು, ಆಯಿತು ಕೂಡ.

ಈ ಏಳು ಜನರ ಮನೆಯ ಕಥೆ ಕೇಳಿ. ಸೈಬಾರ್ಗ್ ಎಂಬ ವಿಕ್ಟರ್ ಸ್ಟೋನ್ ಒಳ್ಳೆಯ ಕ್ರೀಡಾಪಟು. ವಿಜ್ಞಾನಿ ಅಪ್ಪನ ಪ್ರಯೋಗದಿಂದ ಆದ ಅನಾಹುತದಲ್ಲಿ ಅಮ್ಮ ಸತ್ತಳು, ಮಗನ ಅರ್ಧ ದೇಹ ಹೋಯಿತು. ಉಳಿದ ಅರ್ಧಕ್ಕೆ ಅಪ್ಪ ಲೋಹ ಜೋಡಿಸಿ ಬದುಕಿಸಿದ. ಬದುಕಿಸಿದ್ದಕ್ಕೇ ಮಗನಿಗೆ ಅಪ್ಪನ ಮೇಲೆ ಕೋಪ. ಸ್ಟಾರ್‌ಫೈರ್ ಬೇರೊಂದು ಗ್ರಹದ ರಾಜಕುಮಾರಿ. ರಾಜ್ಯ ಉಳಿಸಿಕೊಳ್ಳಲು ತಂದೆಯೇ ಅವಳನ್ನು ಶತ್ರುಗಳಿಗೆ ಗುಲಾಮಳಾಗಿ ಒಪ್ಪಿಸಿದ್ದ. ರೇವನ್ನಳ ತಂದೆ ಟ್ರೈಗನ್ ಎಂಬ ರಾಕ್ಷಸ, ಅವನು ಒಳಗಿನಿಂದ ಎದ್ದು ಬಂದಾನೆಂಬ ಭಯದಲ್ಲಿ ಅವಳು ಸಿಟ್ಟು, ಪ್ರೀತಿ ಏನನ್ನೂ ತೋರಿಸುವಂತಿಲ್ಲ. ಚೇಂಜ್‌ಲಿಂಗ್ ಹೆತ್ತವರನ್ನೂ ಸಾಕಿದವರನ್ನೂ ಕಳೆದುಕೊಂಡು ಜೋಕು ಹೊಡೆಯುತ್ತಾ ತಿರುಗುವವನು. ಡೋನಾಳಿಗೆ ಹೆತ್ತವರು ಯಾರೆಂದೇ ಗೊತ್ತಿಲ್ಲ. ರಾಬಿನ್ ಕಾಲೇಜು ಬಿಟ್ಟು ಬಂದಿದ್ದಾನೆ, ಬ್ಯಾಟ್‌ಮನ್ ಜೊತೆ ಮಾತು ಕಡಿಮೆಯಾಗಿದೆ. ಕಿಡ್ ಫ್ಲ್ಯಾಶ್ ಒಬ್ಬನಿಗೆ ಮಾತ್ರ ನೆಮ್ಮದಿಯ ಮನೆಯಿದೆ. ಎಲ್ಲರಿಗಿಂತ ಮೊದಲು ಈ ಸಹವಾಸ ಸಾಕು ಅನ್ನುವವನೂ ಅವನೇ.

ಖಳನ ಮನೆಯಲ್ಲೂ ಇದೇ ಗೋಳು. ಡೆತ್‌ಸ್ಟ್ರೋಕ್ ಸಂಬಳಕ್ಕೆ ಕೊಲೆ ಮಾಡುವವನು. ಟೈಟನ್ಸ್ ಜೊತೆ ಅವನಿಗೆ ಸ್ವಂತ ವೈರವೇನೂ ಇರಲಿಲ್ಲ. ಅವರನ್ನು ಮುಗಿಸಲು ಸುಪಾರಿ ತೆಗೆದುಕೊಂಡದ್ದು ಅವನ ಮಗ. ಆ ಕೆಲಸದಲ್ಲೇ ಮಗ ಸತ್ತ, ಅಪ್ಪ ಆ ಬಾಕಿಯನ್ನು ತನ್ನ ಮೇಲೆ ಹಾಕಿಕೊಂಡ. ಸೂಪರ್‌ಹೀರೋ ಕಥೆಗಳಲ್ಲಿ ಖಳರು ಸಾಮಾನ್ಯವಾಗಿ ಜಗತ್ತನ್ನೇ ಗೆಲ್ಲಲು ಹೊರಡುತ್ತಾರೆ. ಇವನು ಸತ್ತ ಮಗನ ಸಾಲ ತೀರಿಸಲು ಹೊರಟಿದ್ದಾನೆ. ಈ ಸರಣಿಯನ್ನು ನಾನು ಅಪ್ಪಂದಿರ ಮತ್ತು ಮಕ್ಕಳ ಜಗಳದ ಕಥೆ ಎಂದೇ ಓದುತ್ತೇನೆ, ಗುದ್ದಾಟಗಳೆಲ್ಲ ಅದಕ್ಕೆ ಹಿಮ್ಮೇಳ. 1960ರ ದಶಕದ ಟೈಟನ್ಸ್‌ನಲ್ಲಿ ಹುಡುಗರಿಗೂ ದೊಡ್ಡವರಿಗೂ ಇದ್ದ ಮನಸ್ತಾಪ ಕೊನೆಯ ಪುಟದಲ್ಲಿ ಸುಖಾಂತ್ಯವಾಗುತ್ತಿತ್ತು. ಇಲ್ಲಿ ಹಾಗಾಗುವುದಿಲ್ಲ.

ಪೆರೆಜ್‌ನ ಕೈಚಳಕವನ್ನೂ ಹೇಳಬೇಕು. ಅವನ ಪುಟಗಳಲ್ಲಿ ಜನಜಂಗುಳಿ, ಆದರೂ ಒಬ್ಬರ ಮುಖ ಇನ್ನೊಬ್ಬರಿಗಿಲ್ಲ. ಎಂಟನೇ ಸಂಚಿಕೆಯಲ್ಲಿ ಹೊಡೆದಾಟವನ್ನು ಬದಿಗಿಟ್ಟು ಇವರೆಲ್ಲರ ಒಂದು ದಿನದ ಬದುಕನ್ನು ತೋರಿಸಿದ್ದಾರೆ. ಸೈಬಾರ್ಗ್ ಉದ್ಯಾನದಲ್ಲಿ ಮಕ್ಕಳ ಗುಂಪೊಂದನ್ನು ಭೇಟಿಯಾಗುತ್ತಾನೆ. ಆ ಮಕ್ಕಳಿಗೆ ಕೃತಕ ಕೈಕಾಲುಗಳಿವೆ. ಇವನ ಲೋಹದ ಕೈ ಕಂಡು ಅವರಿಗೆ ಭಯವಾಗುವ ಬದಲು ಆಸೆಯಾಗುತ್ತದೆ, ಇಷ್ಟು ಚೆಂದದ್ದು ನಮಗೂ ಇದ್ದಿದ್ದರೆ ಎಂದು. ಅಷ್ಟು ದಿನ ತನ್ನನ್ನು ತಾನೇ ರಾಕ್ಷಸನೆಂದುಕೊಂಡವನ ಮುಖ ಅಲ್ಲಿ ಹೇಗೆ ಬದಲಾಗುತ್ತದೆ ನೋಡಿ. ಪೆರೆಜ್ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ, ಪೋರ್ಟೊರಿಕೊದಿಂದ ಬಂದ ಕುಟುಂಬದಲ್ಲಿ 1954ರಲ್ಲಿ ಹುಟ್ಟಿದವನು. 2022ರ ಮೇ ತಿಂಗಳಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

ಇನ್ನು ರಾಬಿನ್. ವುಲ್ಫ್‌ಮನ್ ಅವನನ್ನು ಬೆಳೆಸುತ್ತಿದ್ದಂತೆ ಬ್ಯಾಟ್‌ಮನ್ ಸಂಪಾದಕರು ನಮ್ಮ ಹುಡುಗನನ್ನು ನಮಗೆ ಹಿಂದಿರುಗಿಸಿ ಎಂದರು. ಅವರಿಗೆ ಬೇಕಿದ್ದದ್ದು ಚಿಕ್ಕ ರಾಬಿನ್, ಇವರ ಕೈಯಲ್ಲಿದ್ದದ್ದು ತಂಡದ ಯಜಮಾನನಾಗಿ ಬೆಳೆದ ಪ್ರಾಯದ ಯುವಕ. ವುಲ್ಫ್‌ಮನ್ ಸೂಚಿಸಿದ ದಾರಿ ಸರಳವಾಗಿತ್ತು: ಹೆಸರು ನೀವು ಇಟ್ಟುಕೊಳ್ಳಿ, ಡಿಕ್ ನಮಗಿರಲಿ. 1983ರಲ್ಲಿ ಬ್ಯಾಟ್‌ಮನ್ ಪತ್ರಿಕೆಗೆ ಜೇಸನ್ ಟಾಡ್ ಎಂಬ ಹುಡುಗ ಬಂದ. ಫೆಬ್ರವರಿ 1984ರ ‘ನ್ಯೂ ಟೀನ್ ಟೈಟನ್ಸ್’ 39ನೇ ಸಂಚಿಕೆಯಲ್ಲಿ ಡಿಕ್ ರಾಬಿನ್ ವೇಷ ಬಿಟ್ಟ, ಅದೇ ಸಂಚಿಕೆಯಲ್ಲಿ ಕಿಡ್ ಫ್ಲ್ಯಾಶ್ ತಂಡವನ್ನೇ ಬಿಟ್ಟ. ಜುಲೈ 1984ರಲ್ಲಿ ಡಿಕ್ ನೈಟ್‌ವಿಂಗ್ ಆದ. ಆ ಹೆಸರು ಸೂಪರ್‌ಮ್ಯಾನ್ ಕಥೆಗಳಿಂದ ಬಂದದ್ದು, ಬ್ಯಾಟ್‌ಮನ್‌ನಿಂದಲ್ಲ. ಮನೆ ಬಿಟ್ಟ ಮಗ ಪಕ್ಕದ ಮನೆಯ ದೊಡ್ಡಪ್ಪನ ಹೆಸರು ಇಟ್ಟುಕೊಂಡಂತಾಯಿತು!

ರಾಬಿನ್ ಎಂಬ ಗದ್ದುಗೆಯಲ್ಲಿ ಒಬ್ಬ ಹುಡುಗ ಸದಾ ಕೂತಿರುತ್ತಾನೆ, ಕೂತವರು ಬೆಳೆದು ಎದ್ದು ಹೋಗುತ್ತಾರೆ. ಎಲ್ಲರ ನಿರ್ಗಮನವೂ ಡಿಕ್‌ನಷ್ಟು ಗೌರವದ್ದಾಗಿರಲಿಲ್ಲ. ಜೇಸನ್‌ನನ್ನು ಓದುಗರು ಅಷ್ಟಾಗಿ ಒಪ್ಪಲಿಲ್ಲ. 1988ರಲ್ಲಿ ಅವನು ಬದುಕಬೇಕೇ ಸಾಯಬೇಕೇ ಎಂದು ಡಿಸಿ ಫೋನ್ ಮತದಾನವನ್ನೇ ಇಟ್ಟಿತು. ಸಾಯಲಿ ಎಂದವು 5,343 ಕರೆಗಳು, ಬದುಕಲಿ ಎಂದವು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಹುಡುಗ ಸತ್ತ. ಮರುವರ್ಷವೇ ಟಿಮ್ ಡ್ರೇಕ್ ಎಂಬ ಮೂರನೆಯವನು ಬಂದ.

ಹೆಸರಿನ ಒಡೆತನದ ಮಾತು ಬಂದಾಗ ಬಿಸ್ಕತ್ತಿನ ಪ್ರಸಂಗ ನೆನಪಾಗುತ್ತದೆ. 1983ರಲ್ಲಿ ಅಧ್ಯಕ್ಷ ರೇಗನ್ ಸರ್ಕಾರದ ಮಾದಕವಸ್ತು ವಿರೋಧಿ ಪ್ರಚಾರಕ್ಕಾಗಿ ಟೈಟನ್ಸ್ ಕಥೆಯ ಪುಸ್ತಿಕೆಗಳನ್ನು ಶಾಲೆಗಳಲ್ಲಿ ಹಂಚಿದರು. ಒಂದಕ್ಕೆ ದುಡ್ಡು ಕೊಟ್ಟದ್ದು ಕೀಬ್ಲರ್ ಎಂಬ ಬಿಸ್ಕತ್ತು ಕಂಪನಿ. ಆದರೆ ರಾಬಿನ್ ಚಿತ್ರ ಬಳಸುವ ಹಕ್ಕು ಅದರ ಎದುರಾಳಿ ನಬಿಸ್ಕೋ ಕಂಪನಿಯ ಬಳಿ ಇತ್ತು. ಹಾಗಾಗಿ ತಂಡದ ನಾಯಕನನ್ನೇ ತೆಗೆದು, ಅವನ ಜಾಗದಲ್ಲಿ ‘ಪ್ರೊಟೆಕ್ಟರ್’ ಎಂಬ ಯಾರೋ ಒಬ್ಬನನ್ನು ನಿಲ್ಲಿಸಿದರು. ಆ ಪಾಪದವನು ಎಲ್ಲಿಂದ ಬಂದ, ಆಮೇಲೆ ಎಲ್ಲಿ ಹೋದ ಎಂದು ಕೇಳಿದವರು ಕಡಿಮೆ.

ಮಗಳಿಗೆ ಕೊಡಬಹುದೇ ಎಂದು ಕೇಳಿದಿರಿ. ಅಲ್ಲಿ ಟೆರ್ರಾ ವಿಷಯ ಬರುತ್ತದೆ. ನೀವು ನೋಡಿದ ಕಾರ್ಟೂನಿನಲ್ಲಿ ಅವಳು ದಾರಿ ತಪ್ಪಿ, ಪಶ್ಚಾತ್ತಾಪಪಟ್ಟು, ಕೊನೆಗೆ ಕಲ್ಲಾಗುವ ಹುಡುಗಿ. ಕಾಮಿಕ್ಸ್‌ನ ಟೆರ್ರಾ ಅಷ್ಟು ಮೆದುವಲ್ಲ. 1982ರ ಡಿಸೆಂಬರಿನ 26ನೇ ಸಂಚಿಕೆಯಲ್ಲಿ ಬಂದ ಈ ಹುಡುಗಿಗೆ ಮಣ್ಣು ಬಂಡೆಗಳನ್ನು ಮನಸ್ಸಿನಿಂದಲೇ ಕದಲಿಸುವ ಶಕ್ತಿ. ಒರಟು ಬಾಯಿ, ಎದ್ದು ಕಾಣುವ ಹಲ್ಲು, ಎಲ್ಲರ ಜೊತೆ ಜಗಳ. ಎಕ್ಸ್-ಮೆನ್‌ನಲ್ಲಿ ಕಿಟ್ಟಿ ಪ್ರೈಡ್ ಎಂಬ ಮುದ್ದಿನ ಕಿರಿಯಳಿದ್ದಳಲ್ಲ, ಇವಳೂ ಅಂಥವಳೇ, ನಿಧಾನಕ್ಕೆ ಪಳಗುತ್ತಾಳೆ ಎಂದು ಓದುಗರು ನಂಬಲಿ ಎಂಬುದೇ ವುಲ್ಫ್‌ಮನ್ನನ ಲೆಕ್ಕಾಚಾರ. ಅವಳು ದ್ರೋಹಿ, ಕೊನೆಗೆ ಸಾಯುತ್ತಾಳೆ ಎಂಬುದು ಮೊದಲ ದಿನವೇ ನಿಶ್ಚಯವಾಗಿತ್ತು. ಕಣ್ಣಿನ ಲೆನ್ಸಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ತಿಂಗಳುಗಟ್ಟಲೆ ಟೈಟನ್ಸ್ ಮನೆಯ ಗುಟ್ಟುಗಳನ್ನೆಲ್ಲ ಡೆತ್‌ಸ್ಟ್ರೋಕ್‌ಗೆ ದಾಟಿಸಿದವಳು ಅವಳು. 1984ರ ‘ದಿ ಜೂಡಸ್ ಕಾಂಟ್ರ್ಯಾಕ್ಟ್’ನಲ್ಲಿ ಎಲ್ಲ ಬಯಲಾಗುತ್ತದೆ. ಅವಳನ್ನು ಪ್ರೀತಿಸಿದ ಚೇಂಜ್‌ಲಿಂಗ್ ಎದುರಲ್ಲೇ, ತಾನೇ ಎಬ್ಬಿಸಿದ ಬಂಡೆಗಳಡಿ ಸಿಕ್ಕಿ ಸಾಯುತ್ತಾಳೆ.

ಕಥೆಯ ಹೆಣಿಗೆ ಅದ್ಭುತವಾಗಿದೆ. ಡಿಕ್ ನೈಟ್‌ವಿಂಗ್ ಆಗುವುದೂ ಇದೇ ಕಥೆಯಲ್ಲಿ, ಡೆತ್‌ಸ್ಟ್ರೋಕ್‌ನ ಇನ್ನೊಬ್ಬ ಮಗ, ಅಪ್ಪನ ದಂಧೆಯಿಂದಾಗಿ ಮಾತು ಕಳೆದುಕೊಂಡ ಜೆರಿಕೋ, ಅಪ್ಪನಿಗೆದುರಾಗಿ ಟೈಟನ್ಸ್ ಸೇರುವುದೂ ಇಲ್ಲೇ. ಆದರೆ ಒಂದು ವಿಷಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೂ ಹದಿನೆಂಟು ತುಂಬದ ಆ ಹುಡುಗಿಗೂ ಅವಳ ಅಪ್ಪನ ವಯಸ್ಸಿನ ಡೆತ್‌ಸ್ಟ್ರೋಕ್‌ಗೂ ದೈಹಿಕ ಸಂಬಂಧವಿತ್ತೆಂದು ಕಥೆ ಸ್ಪಷ್ಟವಾಗಿ ಸೂಚಿಸುತ್ತದೆ. ಹಾಗಿದ್ದೂ ತಪ್ಪೆಲ್ಲ ಅವಳ ಹುಚ್ಚು, ಅವಳ ದ್ವೇಷ ಎಂಬಂತೆ ನಿರೂಪಣೆ ತೀರ್ಪು ಕೊಡುತ್ತದೆ. ಡೆತ್‌ಸ್ಟ್ರೋಕ್ ಮುಂದಿನ ವರ್ಷಗಳಲ್ಲಿ ಸ್ವಂತ ಪತ್ರಿಕೆಯ ನಾಯಕನೇ ಆದ. ಅಪ್ಪಂದಿರ ತಪ್ಪನ್ನು ಅಷ್ಟು ನಿಷ್ಠುರವಾಗಿ ನೋಡಿದ ಲೇಖಕರು ಇಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡರು ಅನ್ನಿಸುತ್ತದೆ. ಕಾರ್ಟೂನಿನವರು ಆ ಸಂಬಂಧವನ್ನು ಬಿಟ್ಟು, ಡೆತ್‌ಸ್ಟ್ರೋಕ್‌ನನ್ನು ಸ್ಲೇಡ್ ಎಂದಷ್ಟೇ ಕರೆದು, ಹುಡುಗಿಯನ್ನು ಬೆದರಿಸಿ ಬಳಸಿಕೊಳ್ಳುವವನಾಗಿ ತೋರಿಸಿದರು. ಮಕ್ಕಳಿಗಾಗಿ ಮೆದು ಮಾಡಿದ ಆ ರೂಪವೇ ಈ ವಿಷಯದಲ್ಲಿ ಹೆಚ್ಚು ನ್ಯಾಯವಾಗಿದೆ ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷದವಳಿಗೆ ಜೂಡಸ್ ಕಾಂಟ್ರ್ಯಾಕ್ಟ್ ಈಗ ಬೇಡ.

ಮುಂದಿನದು ಚುಟುಕಾಗಿ. ಪೆರೆಜ್ 1985ರ ಹೊತ್ತಿಗೆ ಪತ್ರಿಕೆ ಬಿಟ್ಟ, ಆಮೇಲೆ ಮತ್ತೆ ಕೆಲಕಾಲ ಬಂದ. ಡೋನಾ ಮದುವೆಯಾದಳು. ಫ್ಲ್ಯಾಶ್ ಸತ್ತಾಗ ಕಿಡ್ ಫ್ಲ್ಯಾಶ್ ತಾನೇ ಫ್ಲ್ಯಾಶ್ ಆದ. ಯಾರೂ ಹದಿಹರೆಯದವರಾಗಿ ಉಳಿಯದ ಕಾರಣ 1988ರಲ್ಲಿ ಪತ್ರಿಕೆಯ ಹೆಸರಿನಿಂದ ‘ಟೀನ್’ ಬಿದ್ದುಹೋಗಿ ‘ದಿ ನ್ಯೂ ಟೈಟನ್ಸ್’ ಆಯಿತು, 1996ರಲ್ಲಿ ಮುಗಿಯಿತು. ಹುಡುಗರ ಜಾಗ ಖಾಲಿ ಬಿಟ್ಟರೆ ವ್ಯಾಪಾರ ನಡೆಯದಲ್ಲ. 1998ರಲ್ಲಿ ಟಿಮ್ ಡ್ರೇಕ್ ಮತ್ತು ಹೊಸ ಹುಡುಗರ ‘ಯಂಗ್ ಜಸ್ಟಿಸ್’ ಬಂತು. 2003ರಲ್ಲಿ ಅದೇ ಹುಡುಗರು ಟೀನ್ ಟೈಟನ್ಸ್ ಹೆಸರಿನಡಿ ಬಂದಾಗ ಸೈಬಾರ್ಗ್, ಸ್ಟಾರ್‌ಫೈರ್ ಅವರಿಗೆ ಮೇಷ್ಟರ ಸ್ಥಾನದಲ್ಲಿದ್ದರು. ನೀವು ನೋಡಿದ ಕಾರ್ಟೂನ್ ಶುರುವಾದದ್ದೂ ಅದೇ 2003ರಲ್ಲಿ. ಅಲ್ಲಿ ಮಾತ್ರ ಅವರು ಮತ್ತೆ ಹುಡುಗರು. ಟೀವಿಯ ಗಡಿಯಾರವೇ ಬೇರೆ: 2006ರಲ್ಲಿ ನಿಂತದ್ದು 2013ರಲ್ಲಿ ಹಾಸ್ಯದ ರೂಪದಲ್ಲಿ ಮತ್ತೆ ಹೊರಟಾಗ ಒಂದು ದಿನವೂ ಕಳೆದಿರಲಿಲ್ಲ.

ಮಗಳಿಗೆ ಸದ್ಯಕ್ಕೆ ನಿಮ್ಮ ಕಾಲದ ಕಾರ್ಟೂನಿನ ಜೊತೆಗೇ ಬಂದ, ಜೆ. ಟೊರೆಸ್ ಬರೆದ ‘ಟೀನ್ ಟೈಟನ್ಸ್ ಗೋ!’ ಕಾಮಿಕ್ಸ್ ಕೊಡಿ. ಹೆಸರು ಈಗಿನ ಕಾರ್ಟೂನಿನದೇ, ಸ್ವಭಾವ ಹಳೆಯದರದು. ಮಗಳು ಎಂಟನೇ ಒಂಬತ್ತನೇ ತರಗತಿಗೆ ಬಂದಮೇಲೆ ಕಾಮಿ ಗಾರ್ಸಿಯಾ ಬರೆದು ಗೇಬ್ರಿಯಲ್ ಪಿಕೊಲೊ ಚಿತ್ರಿಸಿದ ‘ಟೀನ್ ಟೈಟನ್ಸ್: ರೇವನ್’ ಕೊಡಬಹುದು, 2019ರಲ್ಲಿ ಬಂದದ್ದು. ನೀವು ಮಾತ್ರ ‘ದಿ ನ್ಯೂ ಟೀನ್ ಟೈಟನ್ಸ್’ನ ಎಂಟನೇ ಸಂಚಿಕೆಯಿಂದ ಶುರು ಮಾಡಿ. ಆಮೇಲೆ 38ನೆಯದು: ಮದುವೆಗೆ ಮುಂಚೆ ಡೋನಾಳಿಗೆ ಹೆತ್ತ ತಾಯಿ ಯಾರೆಂದು ಹುಡುಕಿಕೊಡಲು ರಾಬಿನ್ ಹೊರಡುತ್ತಾನೆ, ಇಡೀ ಸಂಚಿಕೆಯಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ರಾಬಿನ್ ಆಗಿ ಡಿಕ್ ಮಾಡಿಕೊಟ್ಟ ಕೊನೆಯ ಕೆಲಸಗಳಲ್ಲಿ ಅದೂ ಒಂದು. ಆ ಕಾಲದ ಕಾಮಿಕ್ಸ್‌ನಲ್ಲಿ ಮಾತಿನ ಬಲೂನುಗಳು ಅರ್ಧ ಪುಟ ನುಂಗುತ್ತವೆ, ಅಕ್ಷರವೂ ಸಣ್ಣದು. ಕನ್ನಡಕ ಹತ್ತಿರ ಇಟ್ಟುಕೊಂಡೇ ಕೂತುಕೊಳ್ಳಿ.